ರೈಫಲ್ಲಿಗೂ ಪಾಯ ಬೇಕೆ?

ಬೆಳೆರಕ್ಷಣೆಯ ಕೋವಿ ಇಟ್ಟುಕೊಂಡಿರುವ ಸದಸ್ಯ ಬಾಂಧವರು ಲೈಸೆನ್ಸ್ ನವೀಕರಣದ ಬಗ್ಗೆ ನಮ್ಮನ್ನು ಕೇಳುವುದು ಹಳೆಯ ರೂಢಿ. ಈಚೆಗೆ ಬೇರೊಂದು ಪ್ರಶ್ನೆಯೂ ಸೇರಿಕೊಂಡಿದೆ. ರೈಫಲ್ಲಿನ ಮರದ ಹಿಡಿಯನ್ನು ಬಿಚ್ಚಿ ಅಲ್ಯುಮಿನಿಯಂ ಚೌಕಟ್ಟು, ಅಂದರೆ ಚಾಸಿಸ್, ಹಾಕಿಸಿ, ಅದರೊಳಗೆ ಗಟ್ಟಿಯಾಗುವ ಅಂಟನ್ನು ತುಂಬಿ 'ಬೆಡ್ಡಿಂಗ್' ಮಾಡಿಸಿದರೆ ಗುರಿ ನಿಖರವಾಗುತ್ತದೆಯೆ? ಅದಕ್ಕೆ ಹಣ ಹಾಕಬಹುದೆ?

ಇದು ಹವ್ಯಾಸಿಗಳ ಚರ್ಚೆ ಮಾತ್ರವಲ್ಲ. ರಾತ್ರಿ ತಪ್ಪಿ ಬಿದ್ದ ಈಡಿನಿಂದ ಗಾಯಗೊಂಡ ಹಂದಿ ತೋಟದ ಪೊದೆಯಲ್ಲೇ ಮಲಗಿರುತ್ತದೆ. ಬೆಳಿಗ್ಗೆ ಉದುರಡಿಕೆ ಆಯಲು ಬರುವ ಹೆಣ್ಣಾಳುಗಳು ಅದರ ಎದುರಿಗೆ ಸಿಕ್ಕುತ್ತಾರೆ. ಆದ್ದರಿಂದ ನಿಖರತೆಯ ಪ್ರಶ್ನೆ ನಮಗೂ ಸೇರಿದ್ದೇ.

ಬೆಡ್ಡಿಂಗ್ ಎಂದರೇನು ಎಂಬುದು ಪಂಪ್‌ಸೆಟ್ ಕೂರಿಸಿದವರಿಗೆಲ್ಲ ಗೊತ್ತು. ಪಾಯದ ಕಾಂಕ್ರೀಟು ಉಬ್ಬುತಗ್ಗಾಗಿದ್ದು, ಅದರ ಮೇಲೆ ಮೋಟರಿನ ಬೋಲ್ಟುಗಳನ್ನು ಬಲವಾಗಿ ಬಿಗಿದರೆ ಬುಡವೇ ತಿರುಚಿಕೊಳ್ಳುತ್ತದೆ. ಕಪ್ಲಿಂಗ್ ಓರೆಯಾಗಿ, ಬೇರಿಂಗ್ ಬಿಸಿಯಾಗಿ, ಇಡೀ ಯಂತ್ರ ನಡುಗುತ್ತದೆ. ಬಲ್ಲ ಮಿಸ್ತ್ರಿ ರಸಮಟ್ಟ ಇಟ್ಟು ನೋಡಿ, ತಗ್ಗಿದ್ದ ಕಡೆ ತಗಡಿನ ಚೂರು ಕೊಟ್ಟು, ಸಂದಿಗೆ ಗಾರೆ ತುಂಬಿ, ಬುಡ ಎಲ್ಲ ಕಡೆ ಸಮವಾಗಿ ಕೂತ ಮೇಲೆ ಬೋಲ್ಟು ಬಿಗಿಯುತ್ತಾನೆ.

ರೈಫಲ್ಲಿನಲ್ಲಿಯೂ ಇದೇ ನ್ಯಾಯ. ತೋಟಾ ಸಿಡಿಯುವ ಉಕ್ಕಿನ ಭಾಗಕ್ಕೆ ಆಕ್ಷನ್ ಎನ್ನುತ್ತಾರೆ. ಪ್ರತಿ ಈಡಿಗೂ ಅದು ಹಿಂದಕ್ಕೆ ಒದೆಯುತ್ತದೆ. ಒದ್ದ ಮೇಲೆ ಮತ್ತೆ ಮೊದಲಿನ ಜಾಗದಲ್ಲೇ ಕೂತರೆ ಮುಂದಿನ ಗುಂಡು ಹಿಂದಿನ ಗುಂಡಿನ ಹತ್ತಿರವೇ ಬೀಳುತ್ತದೆ. ಕೂರುವ ಜಾಗ ಸರಿಯಿಲ್ಲದಿದ್ದರೆ ಗುಂಡುಗಳು ಚದುರುತ್ತವೆ. ಮರಕ್ಕಂತೂ ಮಳೆಗಾಲದಲ್ಲಿ ಉಬ್ಬುವ, ಬೇಸಿಗೆಯಲ್ಲಿ ಒಣಗಿ ಕುಗ್ಗುವ ಗುಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಸ್ಥಳೀಯ ಮೆದು ಮರವನ್ನು ಬಳಸಬೇಕಾಗಿ ಬಂದಾಗ, ಒದೆತ ತಾಗುವ ಕಡೆ ಮರ ನಜ್ಜುಗುಜ್ಜಾಗದಂತೆ ತಾಮ್ರದ ತುಂಡುಗಳನ್ನು ಕೂರಿಸಿದರು. ಬೆಡ್ಡಿಂಗಿನ ಹಿಂದಿರುವ ವಿಚಾರವೂ ಇಷ್ಟೇ: ಒದೆತ ಹೊರುವ ಜಾಗ ಗಟ್ಟಿಯಾಗಿರಬೇಕು, ಸಮವಾಗಿರಬೇಕು.

ಇನ್ನು ಚಾಸಿಸ್. ಇದು ಯಂತ್ರದಲ್ಲಿ ಕೊರೆದ ಲೋಹದ ಪೀಠ. ತೇವಕ್ಕೆ ಮರದಂತೆ ಉಬ್ಬುವುದಿಲ್ಲ. ಆಕ್ಷನ್ ಅದರ ತಗ್ಗಿನಲ್ಲಿ ನೇರವಾಗಿ ಕೂರುವಂತೆ ಮಾಡಿರುತ್ತಾರೆ. ಹಾಗಾಗಿ ಒಳ್ಳೆಯ ಚಾಸಿಸ್ ತಾನೇ ಪಾಯ, ಅದಕ್ಕೆ ಮತ್ತೊಂದು ಪಾಯ ಬೇಕಾಗುವುದು ವಿರಳ. ಪೀಠವಾಗಲಿ ಆಕ್ಷನ್ನಿನ ತಳವಾಗಲಿ ಓರೆಯಿದ್ದರೆ ಮಾತ್ರ ಬೆಡ್ಡಿಂಗಿನ ತೆಳು ಪದರದಿಂದ ಪ್ರಯೋಜನವುಂಟು. ಪರೀಕ್ಷೆ ಸುಲಭ. ನಳಿಗೆಗೆ ಡಯಲ್ ಗೇಜ್ ತಾಗಿಸಿಟ್ಟು, ಬಿಗಿದ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಮುಳ್ಳು ಒಂದೆರಡು ಸಾವಿರಾಂಶ ಇಂಚಿಗಿಂತ ಹೆಚ್ಚು ಸರಿದರೆ ಆಕ್ಷನ್ ಬಾಗಿ ಕೂತಿದೆ ಎಂದರ್ಥ. ಸರಿಯದಿದ್ದರೆ ಅಂಟಿಗೆ ಕೊಡುವ ಹಣ ವ್ಯರ್ಥ.

ಈಗ ನಮ್ಮ ತೋಟದ ಲೆಕ್ಕ ನೋಡೋಣ. ನೂರು ಗಜದಲ್ಲಿ ಎರಡು ಇಂಚಿನ ವೃತ್ತದೊಳಗೆ ಗುಂಡು ಹಾಕುವ ರೈಫಲ್ಲು ಬೆಡ್ಡಿಂಗಿನಿಂದ ಒಂದೂವರೆ ಇಂಚಿಗೆ ಬಂದಿತೆಂದೇ ಇಟ್ಟುಕೊಳ್ಳಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲುಗಳ ನಡುವೆ ರಾತ್ರಿ ಹೊತ್ತು ನಲವತ್ತು ಗಜ ಕಂಡರೆ ಹೆಚ್ಚು. ಅಷ್ಟು ದೂರದಲ್ಲಿ ಆ ಅರ್ಧ ಇಂಚಿನ ಲಾಭ ಇಂಚಿನ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದು ಅಡಿಕೆ ಹೋಳಿಗಿಂತ ಸಣ್ಣದು! ಹಂದಿಯ ಮರ್ಮಸ್ಥಾನವೋ ಊಟದ ತಟ್ಟೆಯಷ್ಟು ಅಗಲ. ಕೂದಲೆಳೆಯ ಲೆಕ್ಕ ದೂರದ ಗುರಿಗೆ ಸ್ಪರ್ಧಿಸುವವರಿಗೆ ಸಲ್ಲುತ್ತದೆ, ನಮಗಲ್ಲ.

ಮೇಲಾಗಿ ನಮ್ಮಲ್ಲಿ ಬಹುಮಂದಿಯ ಬಳಿ ಇರುವುದು ರೈಫಲ್ಲೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆರಕ್ಷಣೆಗೆಂದು ಹೇಳಿರುವುದು ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೆ ಲೈಸೆನ್ಸ್ ಕೊಡಬಹುದು. ಮಡಿಸಿ ತೋಟಾ ತುಂಬುವ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳಿಗೆ ಚಾಸಿಸ್ಸಿನ ಮಾತೇ ಬರುವುದಿಲ್ಲ. ರೈಫಲ್ ಇರುವ ಕೆಲವರ ಬಳಿ ಕಾಣುವುದು ಇಶಾಪುರ ಕಾರ್ಖಾನೆಯ ಪಾಯಿಂಟ್ 315. ಅದು ಲೀ-ಎನ್‌ಫೀಲ್ಡ್ ಮಾದರಿಯದು. ನಳಿಗೆಯ ಕೆಳಗಿನ ಮರ ಒಂದು, ಭುಜಕ್ಕೆ ಆನಿಸುವ ಮರ ಇನ್ನೊಂದು. ಒಂದೇ ತುಂಡಿನ ಹಿಡಿಗೆಂದು ಮಾಡಿದ ಚಾಸಿಸ್ ಅದಕ್ಕೆ ಹಾಗೆಯೇ ಹೊಂದದು.

ಹಾಗಾದರೆ ಪಾಯಿಂಟ್ 315 ಇರುವವರು ಮಾಡಬೇಕಾದ್ದೇನು? ಮಳೆಗಾಲ ಮುಗಿದ ಮೇಲೆ, ಹಾಗೂ ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟು ವಾಪಸು ತಂದ ಮೇಲೆ, ತಿರುಪುಗಳು ಸಡಿಲವಾಗಿವೆಯೆ, ಮರ ಬಿರುಕು ಬಿಟ್ಟಿದೆಯೆ, ಗುರಿಮಣಿ ಅಲುಗಾಡುತ್ತದೆಯೆ ಎಂದು ನೋಡಬೇಕು. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಐದು ಈಡು ಹಾಕಿ ನೋಡಬೇಕು. ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದು, ಗುಂಪು ಮಾತ್ರ ಪಕ್ಕಕ್ಕೆ ಸರಿದಿದ್ದರೆ ಗುರಿಮಣಿಯನ್ನು ಸರಿಪಡಿಸಿದರೆ ಸಾಕು. ತಿರುಪು ಬಿಗಿಯಿದ್ದೂ ಗುಂಡುಗಳು ಚದುರಿದ್ದರೆ ಮರ ಕೂತಿರುವ ರೀತಿಯನ್ನು ಸಂಶಯಿಸಬೇಕು. ಆಗ ಬೆಡ್ಡಿಂಗಿನ ಖರ್ಚಿಗೆ ಅರ್ಥವಿದೆ. ಆ ಕೆಲಸವನ್ನು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದಲೇ ಮಾಡಿಸತಕ್ಕದ್ದು. ಮನೆಯಲ್ಲಿ ಉಳಿ ಹಿಡಿದು ಮರ ಕೆತ್ತಬಾರದು.

ಕೊನೆಯದಾಗಿ ಕಾನೂನು. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯುವುದಕ್ಕೂ 11ನೆಯ ಕಲಮಿನಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಚಿರತೆ ಮೊದಲನೆಯ ಅನುಸೂಚಿಯ ಪ್ರಾಣಿ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಸರಹದ್ದಿನಲ್ಲಿ ಚಿರತೆಗೆ ಜನ ಬಲಿಯಾದಾಗ ನಮ್ಮ ಹಳ್ಳಿಗಳಲ್ಲಿ ಎಂಥ ಭಯವಿತ್ತೆಂಬುದು ಎಲ್ಲರಿಗೂ ನೆನಪಿದೆ. ಆದರೂ ಅದರ ಮೇಲೆ ಕೋವಿ ಎತ್ತಲು ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವಿಲ್ಲದೆ ಯಾರಿಗೂ ಹಕ್ಕಿಲ್ಲ. ಪ್ರಾಣಕ್ಕೇ ಎರಗಿದಾಗ ಆತ್ಮರಕ್ಷಣೆಯ ಮಾತು ಬೇರೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸಲಹೆ ಇಷ್ಟು: ಚಾಸಿಸ್ಸಿಗೆಂದು ಎತ್ತಿಟ್ಟ ಹಣವಿದ್ದರೆ ಮೊದಲು ತೋಟದ ಸೋಲಾರ್ ಬೇಲಿಯ ಬ್ಯಾಟರಿ ನೋಡಿಸಿ, ತಂತಿಗೆ ತಾಗುವ ಕಳೆ ಸವರಿಸಿ. ಬೇಲಿಯಾಚೆಯೇ ನಿಂತ ಹಂದಿಗೆ ಗುಂಡೂ ಬೇಡ, ಗುರಿಯೂ ಬೇಡ.