ಕಪಾಟಿನೊಳಗೊಂದು ಕಮ್ಮಟ

ಅಮೆರಿಕದ ನಗರಗಳಲ್ಲಿ ಎರಡು ಕೋಣೆಗಳ ಬಾಡಿಗೆಯ ಮನೆಯೆಂದರೆ ಬಟ್ಟೆಬರೆಗಳಿಗೇ ಸ್ಥಳ ಸಾಲದು. ಅಂಥ ಮನೆಯಲ್ಲಿ ಕೋಟುಗಳನ್ನು ತೂಗುಹಾಕುವ ಗೋಡೆ ಕಪಾಟಿನ ಬಾಗಿಲು ತೆರೆದಾಗ, ಕೋಟುಗಳಿಗೆ ಬದಲಾಗಿ ಎರಡಡಿ ಅಗಲದ ದಪ್ಪ ಹಲಗೆ, ಅದರ ಮೇಲೆ ಉದ್ದನೆಯ ಹಿಡಿಯುಳ್ಳ ಉಕ್ಕಿನ ಒತ್ತುಯಂತ್ರ, ಪಕ್ಕದಲ್ಲಿ ಅಕ್ಕಸಾಲಿಗನದರಂಥ ಪುಟ್ಟ ತ್ರಾಸು ಕಂಡರೆ ಹೊಸಬರು ಬೆರಗಾಗುವುದು ಸಹಜವೇ. ಹಾರಿಸಿ ಬರಿದಾದ ಬಂದೂಕಿನ ತೋಟಾಗಳನ್ನು ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವ ಹವ್ಯಾಸಿಯ ಕಮ್ಮಟ ಅದು. ಸ್ವಂತ ಬಳಕೆಗಾಗಿ ಹೀಗೆ ತುಂಬಿಕೊಳ್ಳಲು ಆ ದೇಶದ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ.

ನಮ್ಮಲ್ಲಿ ಹಾಗಲ್ಲ. ೧೯೫೯ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಬಹುಕಾಲದಿಂದ ವಿನಾಯಿತಿ ಇದೆ. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಲಾಯಿತು. ಆದರೆ ಅದು ಕೋವಿಯನ್ನು ಹೊಂದಿರುವುದಕ್ಕೆ ದೊರೆತ ವಿನಾಯಿತಿ, ತೋಟಾ ತಯಾರಿಕೆಗಲ್ಲ. ಆದುದರಿಂದ ಇಲ್ಲಿ ವರ್ಣಿಸಿರುವುದನ್ನು ದೂರದ ನಾಡೊಂದರ ವಿಚಿತ್ರ ಕಸಬೆಂದು ಓದಬೇಕೇ ಹೊರತು ಅನುಕರಿಸತಕ್ಕದ್ದಲ್ಲ.

ತೋಟಾ ಎಂಬುದು ನಾಲ್ಕು ವಸ್ತುಗಳ ಕೂಟ. ಹೊರಗೆ ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕಾರುವ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯುವುದು ಹಿತ್ತಾಳೆ ಮಾತ್ರ. ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಬಾಳುವುದೂ ಅದೇ. ಉಬ್ಬಿದ ಕೋಶವನ್ನು ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುವುದು, ಸುಟ್ಟ ಕೇಪನ್ನು ಹೊರದೂಡಿ ಹೊಸದನ್ನು ಕೂರಿಸುವುದು, ಮದ್ದನ್ನು ತೂಗಿ ಸುರಿಯುವುದು, ಗುಂಡನ್ನು ಬಾಯಿಗೆ ಒತ್ತುವುದು, ಕೆಲಸವೆಲ್ಲ ಇಷ್ಟೆ. ಹಣ ಉಳಿಸಲೆಂದು ಆರಂಭಿಸಿದವರು ಉಳಿದ ಹಣದಲ್ಲಿ ಇಮ್ಮಡಿ ಗುಂಡು ಹಾರಿಸಿ ಲೆಕ್ಕವನ್ನು ಸರಿದೂಗಿಸಿಬಿಡುತ್ತಾರೆಂಬುದು ಬೇರೆ ಮಾತು.

ಈ ಕಸಬು ಇಕ್ಕಟ್ಟಿನಲ್ಲಿಯೇ ಬೆಳೆದದ್ದು. ಕನೆಕ್ಟಿಕಟ್ ಸಂಸ್ಥಾನದ ಜಾನ್ ಬಾರ್ಲೋ ೧೮೮೪ರಲ್ಲಿ ‘ಐಡಿಯಲ್’ ಎಂಬ ಕಂಪನಿ ಸ್ಥಾಪಿಸಿ ಮಾರಿದ ಉಪಕರಣ ನಮ್ಮ ಅಡಕತ್ತರಿಯನ್ನು ಹೋಲುತ್ತಿತ್ತು. ಬೇಟೆಗಾರನು ಅದನ್ನು ಚೀಲದಲ್ಲಿಟ್ಟುಕೊಂಡು ಬೆಂಕಿಯ ಬಳಿ ಕುಳಿತೇ ತೋಟಾ ತುಂಬಿಕೊಳ್ಳಬಹುದಾಗಿತ್ತು. ಯುದ್ಧಕಾಲದಲ್ಲಿ ಒಳ್ಳೆಯ ಗುಂಡುಗಳು ದುರ್ಲಭವಾದಾಗ, ೧೯೪೩ರಲ್ಲಿ, ಕ್ಯಾಲಿಫೋರ್ನಿಯದ ಒರೊವಿಲ್ ಪಟ್ಟಣದ ಫ್ರೆಡ್ ಹಂಟಿಂಗ್ಟನ್ ಗುಂಡು ಮಾಡುವ ಅಚ್ಚುಗಳನ್ನು ತಯಾರಿಸತೊಡಗಿದ್ದು ತನ್ನ ತಂದೆಯ ಲಾಂಡ್ರಿಯ ಹಿಂಬದಿಯಲ್ಲಿ. ‘ರಾಕ್ ಚಕ್’ ಎಂಬ ಬಿಲವಾಸಿ ಪ್ರಾಣಿಯ ಬೇಟೆಗೆಂದು ಹುಟ್ಟಿದ ಆ ಅಚ್ಚಿನ ಹೆಸರಿನ ಮೊದಲಕ್ಷರಗಳೇ ‘ಆರ್‌ಸಿಬಿಎಸ್’ ಎಂಬ ಪ್ರಸಿದ್ಧ ಸಂಸ್ಥೆಯ ಹೆಸರಾದುವು. ೧೯೫೮ರಲ್ಲಿ ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ಮೇಜಿನ ಗೊಡವೆಯನ್ನೇ ತಪ್ಪಿಸಿದ. ಅವನು ಮನೆಯ ಕಾರ್ಯಾಗಾರದಲ್ಲಿ ರೂಪಿಸಿದ ಸಾಮಗ್ರಿ ಮೊದಲು ಚರೆಯ ತೋಟಾಗಳಿಗೆ ಬಂದಿತು, ಅನಂತರ ರೈಫಲು ಪಿಸ್ತೂಲುಗಳಿಗೆ. ಒಂದು ಸಣ್ಣ ಪೆಟ್ಟಿಗೆ, ತಟ್ಟಲು ಒಂದು ಕೊಡತಿ, ಅಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು.

ಆದರೂ ಒತ್ತುಯಂತ್ರದ ಸೌಕರ್ಯ ಬೇಕೆಂದವರಿಗೆ ಮೇಜು ಬೇಕೇ ಬೇಕು. ಅದು ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ, ಅಲುಗಬಾರದು. ಹಿತ್ತಾಳೆಯನ್ನು ಅಚ್ಚಿಗೆ ತಳ್ಳುವಾಗ ಹಿಡಿಯ ಮೇಲೆ ಮೈಭಾರ ಬೀಳುತ್ತದೆ. ಹಲಗೆ ಬಾಗಿದರೆ ಗುಂಡು ಒಂದು ಬಾರಿ ಇದ್ದಂತೆ ಇನ್ನೊಂದು ಬಾರಿ ಕೂರದು. ಆದುದರಿಂದ ಬಲ್ಲವರು ಯಂತ್ರವನ್ನು ಮೇಜಿನ ನಡುವೆ ಬಿಗಿಯದೆ ಕಾಲಿನ ನೇರಕ್ಕೆ ಬಿಗಿಯುತ್ತಾರೆ. ಸ್ವಂತ ಮನೆಯವರು ಮೇಜನ್ನು ಗೋಡೆಯೊಳಗಿನ ಮರದ ಕಂಬಗಳಿಗೆ ತಿರುಪುಮೊಳೆಯಿಂದ ಬಂಧಿಸುತ್ತಾರೆ. ಬಾಡಿಗೆದಾರನಿಗೆ ಆ ಭಾಗ್ಯವಿಲ್ಲ; ಗೋಡೆಗೆ ತೂತು ಬಿದ್ದರೆ ಮುಂಗಡದ ಹಣ ಹೋದಂತೆಯೇ. ಅವನು ಕೆಳಗಿನ ಹಲಗೆಯ ಮೇಲೆ ಮರಳಿನ ಚೀಲಗಳನ್ನೋ ಚರೆಯ ಚೀಲಗಳನ್ನೋ ಪೇರಿಸಿ ಮೇಜಿಗೆ ಭಾರ ತುಂಬುತ್ತಾನೆ. ತ್ರಾಸು ಕಣ್ಣಿನ ಮಟ್ಟದಲ್ಲಿರಬೇಕು, ಬೀಸಣಿಗೆಯ ಗಾಳಿ ತಗಲದಂತಿರಬೇಕು. ಏಕೆಂದರೆ ಅಲ್ಲಿ ತೂಗುವ ಮಾನ ‘ಗ್ರೇನ್’. ನಮ್ಮ ಗುಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಅದರಲ್ಲಿ ಹತ್ತನೆಯ ಒಂದು ಪಾಲಿನ ವ್ಯತ್ಯಾಸವನ್ನೂ ಲೆಕ್ಕಿಸಬೇಕು.

ವಿಶಾಲವಾದ ಮೇಜಿನಲ್ಲಿ ಅನೇಕ ವಸ್ತುಗಳು ಸೇರಿಕೊಳ್ಳುತ್ತವೆ, ಅಪಾಯವಿರುವುದು ಅಲ್ಲಿ. ಒಂದರ ಪಕ್ಕ ಒಂದು ಎರಡು ಬಗೆಯ ಮದ್ದಿನ ಡಬ್ಬಿಗಳಿದ್ದರೆ ಒಂದರ ಬದಲು ಮತ್ತೊಂದನ್ನು ಸುರಿಯುವುದು ಕ್ಷಣದ ಮರವೆಯಿಂದ ಆಗುವ ಕೆಲಸ. ಬೇಗ ಉರಿಯುವ ಮದ್ದನ್ನು ನಿಧಾನ ಉರಿಯುವುದರ ತೂಕದಲ್ಲಿ ತುಂಬಿದರೆ ಬಂದೂಕು ಹಾರಿಸುವವನ ಮುಖದ ಮುಂದೆಯೇ ಸಿಡಿಯಬಹುದು. ಪಿಸ್ತೂಲಿನ ತೋಟಾದಲ್ಲಿ ಇನ್ನೊಂದು ಹೊಂಚು: ಮದ್ದು ಅರ್ಧಕ್ಕಿಂತ ಕಡಿಮೆ ಜಾಗ ಹಿಡಿಯುವುದುಂಟು, ಫೋನಿನ ಗಂಟೆಗೆ ಎದ್ದು ಹೋಗಿ ಬಂದವನು ಅದೇ ಕೋಶಕ್ಕೆ ಎರಡನೆಯ ಬಾರಿ ಸುರಿದರೂ ಹೊರಚೆಲ್ಲದು. ಸುರಿಯುವುದನ್ನೇ ಮರೆತರೂ ಕೇಡೇ. ಕೇಪಿನ ಬಲವೊಂದರಿಂದಲೇ ಹೊರಟ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡರೆ, ಹಿಂದೆ ಬರುವ ಗುಂಡು ನಳಿಗೆಯನ್ನೇ ಸೀಳೀತು. ಆದುದರಿಂದ ಕೋಶಗಳನ್ನು ತೂತು ಕೊರೆದ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಒಂದೊಂದರ ಒಳಗನ್ನೂ ನೋಡುವುದು ಅನುಭವಸ್ಥರ ಕಟ್ಟಳೆ. ಕಪಾಟಿನ ಪುಟ್ಟ ಹಲಗೆಯ ಮೇಲೆ ಒಂದು ಮದ್ದು, ಒಂದು ಅಚ್ಚು, ಒಂದು ಕೆಲಸಕ್ಕೆ ಮಾತ್ರ ಸ್ಥಳ. ಒಂದು ವಿಧದ ಸಾಮಾನನ್ನು ಒಳಗಿಡದೆ ಮತ್ತೊಂದನ್ನು ಹೊರತೆಗೆಯಲಾಗದು. ನಿಖರತೆಗೂ ಇದರಿಂದ ಕೊರತೆಯಿಲ್ಲ. ಅತ್ಯಂತ ನಿಖರತೆಯನ್ನು ಬಯಸುವ ‘ಬೆಂಚ್ ರೆಸ್ಟ್’ ಪಂದ್ಯದ ಗುರಿಕಾರರು ಮೈದಾನದ ಅಂಚಿನಲ್ಲೇ, ಸಣ್ಣ ಮೇಜಿನ ಮೇಲೆ ಕೈಯಚ್ಚುಗಳನ್ನಿಟ್ಟುಕೊಂಡು, ಒಂದು ಸುತ್ತು ಮುಗಿದು ಇನ್ನೊಂದು ಮೊದಲಾಗುವುದರೊಳಗೆ ತಮ್ಮ ತೋಟಾಗಳನ್ನು ತುಂಬುತ್ತಾರೆ.

ಮದ್ದನ್ನು ಇಡುವ ಬಗೆ ನಮ್ಮವರಿಗೆ ವಿಪರೀತವಾಗಿ ತೋರೀತು. ಅಪಾಯದ ವಸ್ತುವೆಂದರೆ ಕಬ್ಬಿಣದ ಟ್ರಂಕಿಗೆ ಬೀಗ ಹಾಕುವುದು ನಮ್ಮ ರೂಢಿ. ಹೊಗೆಯಿಲ್ಲದ ಮದ್ದಿಗೆ ಅದು ಸಲ್ಲದು. ಬಯಲಲ್ಲಿ ಅದು ಭುಗ್ಗನೆ ಉರಿಯುತ್ತದೆ. ಬಿಗಿಯಾಗಿ ಮುಚ್ಚಿದ ಕಬ್ಬಿಣದಲ್ಲಿ ಒತ್ತಡವೇರಿ ಪೆಟ್ಟಿಗೆಯೇ ಸಿಡಿಗುಂಡಾಗುತ್ತದೆ. ಆದುದರಿಂದ ಬೆಂಕಿ ಬಿದ್ದಾಗ ಬೇಗ ಬಿಚ್ಚಿಕೊಳ್ಳುವ ಮರದ ಪೆಟ್ಟಿಗೆಯೇ ಮೇಲು. ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ನಿಯಮಾವಳಿ, ವಾಸದ ಮನೆಯಲ್ಲಿ ೨೦ ಪೌಂಡಿನವರೆಗೆ, ಎಂದರೆ ಸುಮಾರು ೯ ಕಿಲೋ, ಮದ್ದನ್ನು ಕಂಪನಿಯ ಮೂಲ ಡಬ್ಬಿಗಳಲ್ಲೇ ಇಡಲು ಒಪ್ಪುತ್ತದೆ. ಅದನ್ನು ಮೀರಿದರೆ ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ಕೇಪುಗಳ ಮಿತಿ ೧೦,೦೦೦. ಅವುಗಳನ್ನು ಉಪ್ಪಿನಕಾಯಿ ಜಾಡಿಯಂಥದರಲ್ಲಿ ರಾಶಿ ಹಾಕಿದರೆ ಒಂದು ಸಿಡಿದೊಡನೆ ಉಳಿದುವೂ ಸಿಡಿದಾವು. ಒಂದಕ್ಕೊಂದು ತಗಲದ ಮೂಲ ತಟ್ಟೆಗಳಲ್ಲೇ ಇರಬೇಕು.

ಇವೆಲ್ಲ ಕಣ್ಣಿಗೆ ಕಾಣುವ ಅಪಾಯಗಳು. ಕಾಣದಿರುವುದು ಸೀಸದ ಧೂಳು. ಸುಟ್ಟ ಕೇಪಿನ ಮಸಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಹಳೆಯ ಕೋಶಗಳನ್ನು ಶುಚಿಮಾಡುವಾಗ ಅದು ಹಾರಿ ರತ್ನಗಂಬಳಿಯಲ್ಲಿ ಅಡಗುತ್ತದೆ. ಅದೇ ಗಂಬಳಿಯ ಮೇಲೆ ಅಂಬೆಗಾಲಿಡುವ ಮಗು ಬೆರಳನ್ನು ಬಾಯಿಗಿಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ನಿರಪಾಯವೆಂಬ ಮಿತಿಯೇ ಇಲ್ಲವೆಂದು ವೈದ್ಯರ ಮತ. ಬೆಳೆಯುವ ಮಿದುಳಿಗೆ ಅದು ಮಾಡಿದ ಹಾನಿ ತಿರುಗಿ ಸರಿಹೋಗದು. ಚಿಕ್ಕ ಮನೆಯಲ್ಲಿ ಕೆಲಸದ ಮೂಲೆಗೂ ತೊಟ್ಟಿಲಿಗೂ ನಾಲ್ಕೇ ಹೆಜ್ಜೆಯಾದ್ದರಿಂದ, ಅಡಿಗೆಮನೆಯ ಮೇಜಿನ ಮೇಲೆ ಈ ಕೆಲಸ ಎಂದಿಗೂ ಸಲ್ಲದು. ಕಪಾಟಿನ ನೆಲಕ್ಕೆ ಗಂಬಳಿ ಬೇಡ. ಪೊರಕೆ ಆಡಿಸಿದರೆ ಧೂಳೆದ್ದೀತು. ಒದ್ದೆ ಬಟ್ಟೆಯಿಂದ ಒರಸಬೇಕು. ಕೋಶ ಶುಚಿಮಾಡುವುದಾದರೆ ಮನೆಯ ಹೊರಗೆ.

ಕೆಲಸ ಮುಗಿದೊಡನೆ ಅಳತೆಯ ಬುಡ್ಡಿಯಲ್ಲಿ ಉಳಿದ ಮದ್ದು ಅದರದೇ ಡಬ್ಬಿಗೆ ಮರಳುತ್ತದೆ, ಕೇಪುಗಳು ತಮ್ಮ ತಟ್ಟೆಗೆ. ತುಂಬಿದ ತೋಟಾಗಳ ಪೆಟ್ಟಿಗೆಯ ಮೇಲೆ ಮದ್ದಿನ ಹೆಸರು, ತೂಕ, ತಾರೀಖುಗಳನ್ನು ಬರೆದು ಚೀಟಿ ಅಂಟಿಸಲಾಗುತ್ತದೆ. ಕಪಾಟಿಗೆ ಬೀಗ ಬೀಳುತ್ತದೆ. ಹವ್ಯಾಸಿಯು ಅಂಗಿ ಬದಲಿಸಿ, ಸಾಬೂನು ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಾನೆ.