ಕ್ಯಾನ್ಸರ್, ಇಮ್ಯೂನಿಟಿ ಮತ್ತು ನಮ್ಮ ಊಟದ ತಟ್ಟೆ

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ವಾರಕ್ಕೊಮ್ಮೆಯಾದರೂ ಬರುವ ಸಂದೇಶ ಇದು: ದಿನಾ ಇದನ್ನು ತಿನ್ನಿ, ಇಮ್ಯೂನಿಟಿ ಹೆಚ್ಚುತ್ತೆ, ಕ್ಯಾನ್ಸರ್ ಹತ್ತಿರ ಸುಳಿಯಲ್ಲ. ಒಂದು ವಾರ ಅರಿಶಿನ, ಇನ್ನೊಂದು ವಾರ ಲಕ್ಷ್ಮಣಫಲ, ಮತ್ತೊಂದು ವಾರ ಗೋಧಿಹುಲ್ಲಿನ ರಸ. ಸಾಮಾನ್ಯವಾಗಿ ನಾವು ಓದಿ ಬಿಟ್ಟುಬಿಡ್ತೀವಿ. ಆದರೆ ಊರಲ್ಲಿ ಅಪ್ಪನಿಗೋ ಅತ್ತೆಗೋ ಕಾಯಿಲೆ ಅಂತ ಗೊತ್ತಾದ ದಿನ, ನಾವು ಇಲ್ಲಿ ಕೈಕಟ್ಟಿ ಕೂತಿರುವಾಗ, ಅದೇ ಸಂದೇಶ ದೊಡ್ಡ ಆಸರೆಯಂತೆ ಕಾಣುತ್ತದೆ.

ಅದರಲ್ಲಿ ಎಷ್ಟು ನಿಜ? ಉತ್ತರ ಹುಡುಕಲು ತುಂಬಾ ದೂರ ಹೋಗಬೇಕಿಲ್ಲ. ಈ ವಿಷಯದ ಕೆಲವು ಮುಖ್ಯ ಸಂಶೋಧನೆಗಳು ನಾವು ಕೆಲಸ ಮಾಡುವ ಇದೇ ಟೆಕ್ಸಾಸ್ ಊರುಗಳಲ್ಲಿ ನಡೆದಿವೆ.

ಬ್ರೇಕ್ ತೆಗೆಯುವ ಔಷಧ

ನಮ್ಮ ರಕ್ತದಲ್ಲಿರುವ 'ಟಿ ಕಣ'ಗಳು ದೇಹದ ಕಾವಲುಗಾರರು. ಕ್ಯಾನ್ಸರ್ ಕಣವನ್ನು ಗುರುತಿಸಿ ಕೊಲ್ಲುವ ಶಕ್ತಿ ಅವಕ್ಕಿದೆ. ಆದರೆ ಅವು ಮಿತಿಮೀರಿ ನಮ್ಮ ದೇಹವನ್ನೇ ಹೊಡೆಯಬಾರದು ಅಂತ ಅವುಗಳಲ್ಲಿ ಬ್ರೇಕ್‌ಗಳೂ ಇವೆ. ಜೇಮ್ಸ್ ಆಲಿಸನ್ ಟೆಕ್ಸಾಸಿನ ಆಲಿಸ್ ಎಂಬ ಸಣ್ಣ ಊರಲ್ಲಿ ಹುಟ್ಟಿದವರು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದಿ 1973ರಲ್ಲಿ ಡಾಕ್ಟರೇಟ್ ಪಡೆದರು. ಬ್ರೇಕ್‌ಗಳಲ್ಲಿ ಒಂದನ್ನು ತಡೆದರೆ ಟಿ ಕಣಗಳು ಗೆಡ್ಡೆಯ ಮೇಲೆ ಬೀಳುತ್ತವೆ ಎಂದು 1990ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದರು. ಆ ತತ್ವದ ಮೊದಲ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದಾಗಲೇ ಅವರಿಗೆ 2018ರ ನೊಬೆಲ್ ಬಂತು. ಜಪಾನಿನ ತಸುಕು ಹೊಂಜೊ ಅದನ್ನು ಅವರೊಂದಿಗೆ ಹಂಚಿಕೊಂಡರು.

ಈ ಚಿಕಿತ್ಸೆಗೆ ಇಮ್ಯುನೊಥೆರಪಿ ಅಂತ ಹೆಸರು. ಕೆಲವರಿಗೆ ಅದ್ಭುತವಾಗಿ ಕೆಲಸ ಮಾಡುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದವರಲ್ಲಿ ಕೆಲವರು ಬಂದು ನಿಂತದ್ದು ನಮ್ಮ ಕರುಳಿನ ಹತ್ತಿರ.

ನಾರಿನಂಶದ ಲೆಕ್ಕ

ಎಂ.ಡಿ. ಆಂಡರ್ಸನ್‌ನ ಜೆನಿಫರ್ ವಾರ್ಗೋ ಮತ್ತು ಸಂಗಡಿಗರು 2021ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ 128 ಜನರ ಊಟದ ವಿವರ ಅವರ ಕೈಯಲ್ಲಿತ್ತು. ದಿನಕ್ಕೆ 20 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನಾರಿನಂಶ ತಿನ್ನುತ್ತಿದ್ದವರಲ್ಲಿ ಕಾಯಿಲೆ ಹೆಚ್ಚು ಕಾಲ ಹತೋಟಿಯಲ್ಲಿತ್ತು. ನಾರಿನಂಶ 5 ಗ್ರಾಂ ಹೆಚ್ಚಿದಂತೆಲ್ಲಾ ಕಾಯಿಲೆ ಮುಂದುವರಿಯುವ ಅಥವಾ ಜೀವಹೋಗುವ ಅಪಾಯ ಸುಮಾರು ಶೇ. 30ರಷ್ಟು ಕಡಿಮೆ ಕಂಡುಬಂತು.

ಇನ್ನೊಂದು ಅಂಶ ಎಲ್ಲರ ಹುಬ್ಬೇರಿಸಿತು. ಎಲ್ಲರಿಗಿಂತ ಚೆನ್ನಾಗಿದ್ದವರು ನಾರಿನಂಶ ಸಾಕಷ್ಟು ತಿಂದು, ಅಂಗಡಿಯ ಪ್ರೋಬಯಾಟಿಕ್ ಮಾತ್ರೆ ತೆಗೆದುಕೊಳ್ಳದೇ ಇದ್ದವರು. ಇಲಿಗಳಿಗೆ ಪ್ರೋಬಯಾಟಿಕ್ ಕೊಟ್ಟಾಗ ಚಿಕಿತ್ಸೆಯ ಫಲ ಕುಗ್ಗಿತು. ಹಾಗಂತ ಮೊಸರನ್ನ ಬಿಡಬೇಕಿಲ್ಲ. ಆ ಅಧ್ಯಯನ ನೋಡಿದ್ದು ಮಾತ್ರೆಗಳನ್ನು, ಮನೆಯ ಮೊಸರನ್ನಲ್ಲ.

ನಾರು ಮಾಡುವ ಕೆಲಸವಾದರೂ ಏನು? ಅದನ್ನು ನಮ್ಮ ಹೊಟ್ಟೆ ಜೀರ್ಣಿಸಿಕೊಳ್ಳಲಾರದು, ಆದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ರೋಗನಿರೋಧಕ ಕಣಗಳ ನಡವಳಿಕೆ ಮೇಲೆ ಇವುಗಳ ಪ್ರಭಾವವಿದೆ. ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್‌ನಲ್ಲಿ ಆಂಡ್ರ್ಯೂ ಕೋ ಅವರ ತಂಡ 2023ರಲ್ಲಿ ಇನ್ನೊಂದು ಕೊಂಡಿ ತೋರಿಸಿತು. ಇಮ್ಯುನೊಥೆರಪಿ ಕೊಟ್ಟಾಗ ಇಲಿಗಳ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ದುಗ್ಧಗ್ರಂಥಿಗೂ ಗೆಡ್ಡೆಗೂ ಹೋಗಿ, ಅಲ್ಲಿ ಟಿ ಕಣಗಳನ್ನು ಎಚ್ಚರಿಸುತ್ತವೆ.

ಇದಕ್ಕೆ ಮಿತಿಯೂ ಇದೆ. ವಾರ್ಗೋ ತಂಡ ಜನ ತಿಂದದ್ದನ್ನು ಗಮನಿಸಿತೇ ಹೊರತು, ಅರ್ಧ ಜನಕ್ಕೆ ನಾರು ಕೊಟ್ಟು ಇನ್ನರ್ಧಕ್ಕೆ ಕೊಡದೆ ಹೋಲಿಸಿದ್ದಲ್ಲ. ಅದೂ ಒಂದು ಬಗೆಯ ಕ್ಯಾನ್ಸರ್‌ನಲ್ಲಿ, ಔಷಧದ ಜೊತೆಗೆ. ನಾರು ಔಷಧಕ್ಕೆ ಹೆಗಲು ಕೊಡಬಹುದು, ಔಷಧದ ಜಾಗದಲ್ಲಿ ಕೂರಲಾರದು.

ಜೋಳದ ಹಳದಿ, ಹಾಲಿನ ಕೊಬ್ಬು

ಷಿಕಾಗೋ ವಿಶ್ವವಿದ್ಯಾಲಯದ ಜಿಂಗ್ ಚೆನ್ ಅವರ ತಂಡ ಆಹಾರದ ಒಂದೊಂದೇ ಅಂಶವನ್ನು ಟಿ ಕಣಗಳ ಮೇಲೆ ಪರೀಕ್ಷಿಸುತ್ತಿದೆ. ಹಾಲು, ಬೆಣ್ಣೆ, ದನ ಮತ್ತು ಕುರಿ ಮಾಂಸದಲ್ಲಿರುವ ಟ್ರಾನ್ಸ್-ವ್ಯಾಕ್ಸೆನಿಕ್ ಆಮ್ಲ ಟಿ ಕಣಗಳಿಗೆ ಬಲ ಕೊಡುತ್ತದೆ ಎಂದು 2023ರಲ್ಲಿ ಹೇಳಿತು. 2025ರಲ್ಲಿ ಝಿಯಾಕ್ಸಾಂಥಿನ್ ಬಗ್ಗೆ ಅಂಥದ್ದೇ ವರದಿ ಬಂತು. ಇದು ಮುಸುಕಿನ ಜೋಳ, ಕಿತ್ತಳೆ ಬಣ್ಣದ ದಪ್ಪ ಮೆಣಸಿನಕಾಯಿ, ಪಾಲಕ್, ಮೊಟ್ಟೆಯ ಹಳದಿಯಲ್ಲಿ ಇರುವ ಬಣ್ಣದ ಅಂಶ. ಎರಡರಲ್ಲೂ ಮುಖ್ಯ ಪ್ರಯೋಗಗಳು ಇಲಿಗಳ ಮೇಲೆ ಮತ್ತು ಪ್ರಯೋಗಾಲಯದ ಕಣಗಳ ಮೇಲೆ ನಡೆದಿವೆ. ತುಪ್ಪ ಕ್ಯಾನ್ಸರ್‌ಗೆ ಮದ್ದು ಅಂತ ಯಾರಾದರೂ ಕಳಿಸಿದರೆ ಈ ಮಾತು ನೆನಪಿರಲಿ.

ಅರಿಶಿನದ ಕಥೆ

ಅರಿಶಿನದ ಕರ್ಕ್ಯುಮಿನ್ ಬಗ್ಗೆ ಅತಿ ಹೆಚ್ಚು ಪ್ರಚಾರ ಕೊಟ್ಟ ಕೆಲಸವೂ ಹ್ಯೂಸ್ಟನ್‌ನದೇ. ಎಂ.ಡಿ. ಆಂಡರ್ಸನ್‌ನಲ್ಲಿದ್ದ ಭರತ್ ಅಗರ್ವಾಲ್ ಈ ಬಗ್ಗೆ ಹಲವು ವರ್ಷ ಬರೆದರು. ಮುಂದೆ, ದತ್ತಾಂಶದ ಮೇಲೆ ಸಂಶಯ ಬಂದು ಅವರ 20ಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು. ಅದನ್ನು ಬದಿಗಿಟ್ಟರೂ ಮೂಲ ತೊಡಕು ಉಳಿಯುತ್ತದೆ. ಬಾಯಿಂದ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ರಕ್ತಕ್ಕೆ ಹೆಚ್ಚು ಸೇರಲಿ ಅಂತಲೇ ಕಂಪನಿಗಳು ಮೆಣಸಿನ ಸತ್ವ ಬೆರೆಸಿ ಕ್ಯಾಪ್ಸೂಲ್ ಮಾಡುತ್ತವೆ. ಅರಿಶಿನದ ಮಾತ್ರೆಯಿಂದ ಲಿವರ್ ಕೆಟ್ಟ ಹತ್ತು ಜನರ ವರದಿಯನ್ನು ಅಮೆರಿಕದ ಔಷಧ-ಲಿವರ್ ಅಧ್ಯಯನ ಜಾಲ ಪ್ರಕಟಿಸಿದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಕ್ಯಾಪ್ಸೂಲಿನ ಪ್ರಮಾಣವೇ ಬೇರೆ.

ಮಾತ್ರೆ ತಿರುಗಿಬಿದ್ದಾಗ

ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿದ್ದರಿಂದ, ಫಿನ್‌ಲೆಂಡ್‌ನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಉತ್ತರ ಅಮೆರಿಕದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ವಿಟಮಿನ್ ಇ ಮತ್ತು ಸೆಲೆನಿಯಂ ಪರೀಕ್ಷೆ ನಡೆಯಿತು. ವಿಟಮಿನ್ ಇ ಮಾತ್ರ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿತ್ತು ಎಂದು 2011ರಲ್ಲಿ ಗೊತ್ತಾಯಿತು. ಕ್ಯಾರೆಟ್ ತಿನ್ನುವುದಕ್ಕೂ ಅದರ ಒಂದು ಅಂಶವನ್ನು ಮಾತ್ರೆಯಾಗಿ ನುಂಗುವುದಕ್ಕೂ ಇಷ್ಟು ಅಂತರ.

ನಮ್ಮ ತಟ್ಟೆಯಲ್ಲಿ 20 ಗ್ರಾಂ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂನಲ್ಲಿರುವ ನಾರು ಹೀಗಿದೆ:

- ಪಾಲಿಷ್ ಅಕ್ಕಿ: 2.8 ಗ್ರಾಂ
- ಬಿಳಿಜೋಳ: 10.2 ಗ್ರಾಂ
- ರಾಗಿ: 11.2 ಗ್ರಾಂ
- ಇಡೀ ಹೆಸರುಕಾಳು: 17 ಗ್ರಾಂ
- ಇಡೀ ಕಡಲೆಕಾಳು: 25.2 ಗ್ರಾಂ

75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 8 ಗ್ರಾಂ, 40 ಗ್ರಾಂ ಹೆಸರುಕಾಳಿನ ಸಾರಲ್ಲಿ ಸುಮಾರು 7 ಗ್ರಾಂ, 100 ಗ್ರಾಂ ಪಾಲಕ್ ಪಲ್ಯದಲ್ಲಿ 2 ಗ್ರಾಂ ಚಿಲ್ಲರೆ. ಜೊತೆಗೆ ಒಂದು ಸೀಬೆಹಣ್ಣು ತಿಂದರೆ 20 ದಾಟಿತು. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ ತಿಂದು ಬೆಳೆದ ನಮ್ಮ ಉತ್ತರ ಕರ್ನಾಟಕದವರಿಗೂ ಇದೇನೂ ಕಷ್ಟದ ಲೆಕ್ಕವಲ್ಲ. ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್, ಡಲ್ಲಾಸ್ ಪಕ್ಕದ ಅರ್ವಿಂಗ್, ಆಸ್ಟಿನ್‌ನ ಭಾರತೀಯ ಅಂಗಡಿಗಳಲ್ಲಿ ರಾಗಿ, ಜೋಳ, ಕಾಳು ಎಲ್ಲಾ ಸಿಗುತ್ತವೆ. ನಮ್ಮಲ್ಲಿ ಬಹಳ ಜನಕ್ಕೆ ಕೊರತೆ ಇರುವುದು ಸಮಯದ್ದು. ಶಿಫ್ಟ್ ಮುಗಿಸಿ ಬಂದು ಬರೀ ಅನ್ನ, ಉಪ್ಪಿನಕಾಯಿ, ಇಲ್ಲದಿದ್ದರೆ ದಾರಿಯಲ್ಲೇ ಬರ್ಗರ್. ಭಾನುವಾರ ಕಾಳು ನೆನೆಸಿ, ಬೇಯಿಸಿ ಫ್ರೀಜರ್‌ನಲ್ಲಿಟ್ಟರೆ ವಾರದ ಅರ್ಧ ಕೆಲಸ ಮುಗಿದಂತೆ. ನಾರು ಒಮ್ಮೆಲೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬರಿಸುತ್ತೆ. ನಿಧಾನವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

ಊರಿಗೆ ಬಾಟಲಿ ಕಳಿಸುವ ಮುನ್ನ

ರಜೆಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಒಂದೆರಡು ಸಪ್ಲಿಮೆಂಟ್ ಡಬ್ಬಿ ಇಡುವುದು ನಮ್ಮಲ್ಲಿ ರೂಢಿಯೇ ಆಗಿದೆ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಇದನ್ನು ತಿಳಿದಿರಿ:

- ಅಮೆರಿಕದ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರಲು ಎಫ್‌ಡಿಎ ಮುಂಚಿತವಾಗಿ ಒಪ್ಪಬೇಕಿಲ್ಲ. 'ಅಮೆರಿಕದ್ದು' ಅಂದ ಮಾತ್ರಕ್ಕೆ ಪರೀಕ್ಷೆಯಾದದ್ದು ಅಂತಲ್ಲ.
- ಕೀಮೋ, ರೇಡಿಯೇಷನ್, ಇಮ್ಯುನೊಥೆರಪಿ ನಡೆಯುವಾಗ ಯಾವ ಮಾತ್ರೆಯನ್ನೂ, ಪುಡಿಯನ್ನೂ ಡಾಕ್ಟರಿಗೆ ಹೇಳದೆ ಕೊಡಬೇಡಿ. ಡಬ್ಬಿಯ ಹಿಂದಿನ ಪಟ್ಟಿಯ ಫೋಟೋ ತೆಗೆದು, ಕಿದ್ವಾಯಿ ಆಗಲಿ ಬೇರೆ ಆಸ್ಪತ್ರೆ ಆಗಲಿ, ನೋಡುತ್ತಿರುವ ಡಾಕ್ಟರಿಗೇ ತೋರಿಸಲು ಹೇಳಿ.
- ಹೊಟ್ಟೆ, ಕರುಳಿನ ಆಪರೇಷನ್ ಆದವರಿಗೆ ಕೆಲವೊಮ್ಮೆ ನಾರು ಕಡಿಮೆ ಮಾಡಿ ಅಂತಲೇ ಹೇಳುತ್ತಾರೆ. ಅಲ್ಲಿ ಈ ಲೇಖನದ ಲೆಕ್ಕ ಬೇಡ, ಡಾಕ್ಟರ ಮಾತೇ ಕೊನೆ.
- ಊಟದಿಂದಲೇ ವಾಸಿ ಮಾಡ್ತೀವಿ, ಚಿಕಿತ್ಸೆ ನಿಲ್ಲಿಸಿ ಅನ್ನುವವರ ಹತ್ತಿರ ಹೋಗಬೇಡಿ. ಕೈತಪ್ಪಿದ ತಿಂಗಳು ಮತ್ತೆ ಬರುವುದಿಲ್ಲ.

ಇನ್ನು ನಮ್ಮ ವಿಷಯ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯನ್ನು ಅಮೆರಿಕದಲ್ಲಿ 2021ರಿಂದ 45ನೇ ವಯಸ್ಸಿಗೇ ಶುರು ಮಾಡಲು ಹೇಳಿದ್ದಾರೆ. ಕಂಪನಿಯ ಹೆಚ್ಚಿನ ಇನ್ಶೂರೆನ್ಸ್‌ಗಳಲ್ಲಿ ಅದಕ್ಕೆ ನಾವು ಕೈಯಿಂದ ಹಣ ಕೊಡಬೇಕಿಲ್ಲ. 45 ದಾಟಿದವರು ಈ ತಿಂಗಳೇ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ದಾಟದವರು ಊರಿಗೆ ಫೋನ್ ಮಾಡಿದಾಗ, ಅಪ್ಪ ಅಮ್ಮ ಯಾವ್ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.