‘ದ್ರಾ’ದಲ್ಲಿ ಎಡವುವ ಮಗು

ಭದ್ರಾವತಿಯ ಕಾಗದನಗರದ ಮಗುವೊಂದು ತನ್ನೂರ ರೈಲು ನಿಲ್ದಾಣದ ಫಲಕ ಓದಲು ಹೊರಟರೆ ಎಡವುವುದು ‘ದ್ರಾ’ದಲ್ಲಿ. ‘ಭದ್ರಾವತಿ’ಯ ಆ ಒಂದೇ ಅಕ್ಷರದಲ್ಲಿ ದಕಾರ, ದೀರ್ಘ, ಕೆಳಗೊಂದು ರ ಒತ್ತು ಮೂರೂ ಕೂತಿವೆ. ‘ಭದಾವತಿ’ ಎಂದವನಿಗೆ ಒತ್ತಕ್ಷರ ಬಾರದು. ‘ಭದ್ರವತಿ’ ಎಂದವಳಿಗೆ ಒತ್ತು ಗೊತ್ತು, ದೀರ್ಘ ತಪ್ಪಿದೆ. ‘ಭ’ ಕಂಡೊಡನೆ ಊಹಿಸಿ ಸರಿಯಾಗಿ ಹೇಳಿದವನೋ, ಓದಿಯೇ ಇಲ್ಲ. ಮೂವರಿಗೂ ಬೇಕಾದ ಪಾಠ ಬೇರೆಬೇರೆ. ಇಡೀ ತರಗತಿ ಒಕ್ಕೊರಲಿನಿಂದ ಓದುವಾಗ ಈ ತಪ್ಪುಗಳು ಸದ್ದಿನಲ್ಲಿ ಮುಚ್ಚಿಹೋಗುತ್ತವೆ. ಒಬ್ಬೊಬ್ಬರನ್ನೇ ಓದಿಸೋಣವೆಂದರೆ, 40 ನಿಮಿಷದ ಪಿರಿಯಡ್ಡಿನಲ್ಲಿ 30 ಮಕ್ಕಳಿಗೆ ತಲಾ 80 ಸೆಕೆಂಡು ಸಿಗುತ್ತದೆ. ಐದೇ ಮಕ್ಕಳಿದ್ದರೆ ತಲಾ 8 ನಿಮಿಷ. ಸಣ್ಣ ಗುಂಪಿನ ಬಲವಿರುವುದು ಇಲ್ಲಿ: ಪ್ರತಿ ಮಗುವಿನ ತಪ್ಪು ಕಿವಿಗೆ ಬೀಳುತ್ತದೆ, ಬಿದ್ದ ಕೂಡಲೇ ತಿದ್ದಬಹುದು.

ಕನ್ನಡಕ್ಕೆ ಇದು ಹೆಚ್ಚೇ ಅಗತ್ಯ. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಕಾಗುಣಿತ, ಒತ್ತುಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್, ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು 2007ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಪಠ್ಯಪುಸ್ತಕ ಕಾಯುವುದಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮಗುವಿಗೆ ಮೊದಲ ಪದ ಮರೆತಿರುತ್ತದೆ. ಅರ್ಥ ಕೈಗೆ ಸಿಗುವುದಿಲ್ಲ. ಅಂಥ ಮಗುವನ್ನು ದಡ್ಡ ಎನ್ನುವುದು ಅನ್ಯಾಯ. ತಮಿಳು, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳಿರುವ ಭದ್ರಾವತಿಯಲ್ಲಿ ಎಷ್ಟೋ ಮಕ್ಕಳು ಲಿಪಿಯ ಜೊತೆ ಭಾಷೆಯನ್ನೂ ಶಾಲೆಯಲ್ಲೇ ಕಲಿಯಬೇಕು.

ಓದಿನ ಈ ತೊಡಕು ಇಲ್ಲಿಗಷ್ಟೇ ಸೀಮಿತವಲ್ಲ. ಗ್ರಾಮೀಣ ಭಾರತದ ‘ಅಸರ್’ ಸಮೀಕ್ಷೆಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯವರು 2022ರಲ್ಲಿ ಶೇ 20.5, 2024ರಲ್ಲಿ ಶೇ 27.1. ಇದಕ್ಕೆ ಮದ್ದಿಲ್ಲವೇ? ಮುಂಬೈ ಮತ್ತು ವಡೋದರಾದಲ್ಲಿ ‘ಪ್ರಥಮ್’ ಸಂಸ್ಥೆ ಹಿಂದುಳಿದ ಮಕ್ಕಳನ್ನು 15–20ರ ಗುಂಪಾಗಿಸಿ, ದಿನಕ್ಕೆರಡು ಗಂಟೆ ಸ್ಥಳೀಯ ಯುವತಿಯರಿಂದ ಪಾಠ ಹೇಳಿಸಿತು. ಆ ‘ಬಾಲಸಖಿ’ಯರಿಗೆ ಆರಂಭದಲ್ಲಿ ಸಿಕ್ಕಿದ್ದು ಎರಡೇ ವಾರದ ತರಬೇತಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಅಳೆದು ನೋಡಿದಾಗ ಮೊದಲ ವರ್ಷ ಕಂಡ ಪ್ರಗತಿ ಎರಡನೇ ವರ್ಷ ಇಮ್ಮಡಿಯಾಗಿತ್ತು. ಅತಿ ಹಿಂದಿದ್ದವರಿಗೇ ಹೆಚ್ಚು ಲಾಭ. ಗುಂಪು ಹಿಗ್ಗಿದಂತೆ ಫಲ ಕುಗ್ಗುತ್ತದೆ ಎನ್ನುವುದು ಇಂಗ್ಲೆಂಡಿನ ಅನುಭವ.

ಸರ್ಕಾರಿ ಶಾಲೆಗಳ ಕೆಳ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ‘ತಟ್ಟೆ’ ಎಂಬ ಗುಂಪುಗಳು ಇದ್ದೇ ಇವೆಯಲ್ಲ ಎಂದು ಶಿಕ್ಷಕರು ಕೇಳಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯ ತಟ್ಟೆಗಳ ಹಿಂದಿರುವ ತಿಳಿವು ಸರಿಯಾದದ್ದೇ. ಆದರೆ ಐದು ತಟ್ಟೆಗಳಿಗೂ ಶಿಕ್ಷಕಿ ಒಬ್ಬಳೇ. ಮೂರನೇ ತರಗತಿ ದಾಟಿದರೆ ಆ ಪದ್ಧತಿಯೂ ಇಲ್ಲ. ಬೇರೆ ಕೂರಿಸಿದರೆ ಮಕ್ಕಳಿಗೆ ಅವಮಾನವಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಗುಂಪು ಕಾಯಂ ಆದರೆ ಅದು ಹಣೆಪಟ್ಟಿಯೇ. ಹಾಗಾಗಿ ಆರು ವಾರಕ್ಕೊಮ್ಮೆ ಓದಿಸಿ ನೋಡಿ ಗುಂಪು ಬದಲಿಸಬೇಕು, ಓದು ಬಂದ ಮಗುವನ್ನು ಅಂದೇ ಬಿಡಬೇಕು. ಇಡೀ ತರಗತಿಯೆದುರು ನಿತ್ಯ ತಡವರಿಸುವುದಕ್ಕಿಂತ ಇದು ಮಾನದ ದಾರಿ. ಮನೆಪಾಠವಿದೆಯಲ್ಲ ಎನ್ನುವವರು, ಅಲ್ಲಿ ಹಲವೆಡೆ ನಡೆಯುವುದು ಹೋಂವರ್ಕ್ ಮುಗಿಸುವ ಕೆಲಸವೆಂಬುದನ್ನು ಗಮನಿಸಬೇಕು.

ಕಾಗದನಗರವು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಬೆಳೆಸಿದ ಊರು. ಕನ್ನಡ ಚೆನ್ನಾಗಿ ಓದಬಲ್ಲ ನಿವೃತ್ತರು, ಪದವಿ ಮುಗಿಸಿದ ಯುವತಿಯರು ಇಲ್ಲಿದ್ದಾರೆ. ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಅವರನ್ನು ಕರೆಯಲಿ. ಎರಡು ವಾರ ತರಬೇತಿ ಕೊಡಲಿ. ಒಬ್ಬೊಬ್ಬರಿಗೆ ಐದು ಮಕ್ಕಳನ್ನು, ದಿನಕ್ಕೆ ಅರ್ಧ ಗಂಟೆಯನ್ನು ಒಪ್ಪಿಸಲಿ.